ಸಹಾಯ ಬೇಕು: ಅಬಾರ್ತ್ ಪುಂಟೊ ಪಿಕಪ್ ಬಿದ್ದಿದೆ, ಬಳ್ಳಾರಿ ಕಡೆ ಟರ್ಬೊ ಗೊತ್ತಿರುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನನ್ನದು ಫಿಯಟ್‌ನ ಅಬಾರ್ತ್ ಪುಂಟೊ ಕಾರು, 1.4 ಟಿ-ಜೆಟ್ ಪೆಟ್ರೋಲ್ ಟರ್ಬೊ. ಹೊಸದರಲ್ಲಿ 145 ಬಿಎಚ್‌ಪಿ, 212 ಎನ್‌ಎಂ ಕೊಡುವ ಎಂಜಿನ್. ಈಗ ಆ ಎಳೆತ ಇಲ್ಲ. ಸಂಡೂರು ಕಡೆ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಬಾನೆಟ್ ಒಳಗಿಂದ ಬರೀ ಸುಸ್ ಅನ್ನೋ ಸದ್ದು. ಚೆಕ್ ಲೈಟ್ ಬಂದಿಲ್ಲ.

ಏರ್ ಫಿಲ್ಟರ್ ತೆಗೆದು ನೋಡಿದರೆ ಮಡಿಕೆಗಳ ಸಂದಿಯಲ್ಲೆಲ್ಲ ಕೆಂಪು ಅದಿರಿನ ಧೂಳು. ಬದಲಿಸಿದೆ. ಸ್ಪಾರ್ಕ್ ಪ್ಲಗ್ಗೂ ಹೊಸದು. ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪಿನ ಕ್ಲಾಂಪ್ ಹತ್ತಿರ ಆಯಿಲ್ ಜಿನುಗಿದೆ. ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ಒತ್ತಿ ಕಳಿಸುವ ಗಾಳಿ, ಅಲ್ಲೇ ಸೋರುತ್ತಿದೆ ಅಂತ ನನ್ನ ಅನುಮಾನ.

ಇಲ್ಲೊಬ್ಬರು "ಸುಮ್ನೆ ರೀಮ್ಯಾಪ್ ಮಾಡಿಸಿ, ಪವರ್ ಬರುತ್ತೆ" ಅಂದರು. ಅಂದರೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಬೂಸ್ಟ್ ಏರಿಸೋದು. ನನಗೆ ಸರಿ ಅನ್ನಿಸಲಿಲ್ಲ. ಸೋರಿಕೆ ಇಟ್ಟುಕೊಂಡು ಬೂಸ್ಟ್ ಜಾಸ್ತಿ ಮಾಡಿದರೆ ಟರ್ಬೊಗೇ ಹೊಡೆತ ಅಲ್ವಾ? ಮೊದಲು ಇದ್ದ ಪವರ್ ವಾಪಸ್ ಬರಲಿ, ಟ್ಯೂನಿಂಗ್ ಆಮೇಲೆ.

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆ ಸ್ಮೋಕ್ ಟೆಸ್ಟ್ (ಪೈಪಿಗೆ ಹೊಗೆ ಬಿಟ್ಟು ಸೋರಿಕೆ ಹುಡುಕೋದು), ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು) ನೆಟ್ಟಗೆ ಮಾಡುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಇದೇ ಎಂಜಿನ್ ರೀಮ್ಯಾಪ್ ಮಾಡಿಸಿದವರು ಇದ್ದರೆ ಇನ್ನೊಂದು ಪ್ರಶ್ನೆ: ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನಾಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್‌ನಲ್ಲಿ ಬರುವ ಟಕಟಕ ಸದ್ದು) ಬಂತಾ? ಯಾವ ಪೆಟ್ರೋಲ್ ಹಾಕ್ತೀರಿ? ಈ ಗಾಡಿ ಅಂದರೆ ನನಗೆ ಜೀವ, ಮಾರುವ ಸಲಹೆ ಮಾತ್ರ ಬೇಡ.