ಪಿಡಿಎಫ್, ಫೋಟೋ ಲೇಬಲ್ ಪ್ರಿಂಟರ್ ಕೋಡ್ ಆಗೋದು ಹೇಗೆ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯ ಅಂಗಡಿ, ಮಿಲ್, ಪ್ಯಾಕಿಂಗ್‌ನವರಿಗೆ ಲೇಬಲ್ ಸಾಫ್ಟ್‌ವೇರ್ ಮಾಡಿಕೊಡುವ ತಂತ್ರಜ್ಞರು ಇವತ್ತು ಸಂಜೆ ಉತ್ತರ ಕೊಡ್ತಾರೆ. ಪ್ರಿಂಟರ್ ಮಾಡೆಲ್, ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ), ಲೇಬಲ್ ಅಳತೆ ಮೂರನ್ನೂ ಬರೆದು ಕೇಳಿ.

ಮಂಡಿಪೇಟೆ ಬಟ್ಟೆ ಅಂಗಡಿ: ನಮಸ್ಕಾರ ಸರ್. ಪಿಡಿಎಫ್‌ನ ಜೆಡ್‌ಪಿಎಲ್ (ಜೀಬ್ರಾ ಪ್ರಿಂಟರ್‌ನ ಕೋಡ್ ಭಾಷೆ) ಮಾಡೋದು ಹೇಗೆ? ಫೈಲ್ ಹೆಸರಿನ ಕೊನೆಯ ಪಿಡಿಎಫ್ ಅಳಿಸಿ ಪಿಆರ್‌ಎನ್ (ಪ್ರಿಂಟರ್‌ಗೆ ನೇರ ಕಳಿಸುವ ಫೈಲ್) ಅಂತ ಬರೆದರೆ ಸಾಕು ಅಂತ ಫಾರ್ವರ್ಡ್ ಬಂದೈತಿ. 203 ಡಿಪಿಐ, 50×25 ಮಿಮೀ ಲೇಬಲ್.

ತಂತ್ರಜ್ಞ: ನಮಸ್ಕಾರ. ಹೆಸರು ಬದಲಿಸಿದರೆ ಒಳಗಿರೋದು ಬದಲಾಗಲ್ಲ. ಆ ಫಾರ್ವರ್ಡ್ ಮುಂದೆ ಕಳಿಸಬೇಡಿ. ಕೆಲವು ಪ್ರಿಂಟರ್ ಅದನ್ನ ಬರೀ ಅಕ್ಷರ ಅಂತ ತಿಳಿದು ಲೇಬಲ್ ಮೇಲೆ ಲೇಬಲ್ ಉಗುಳುತ್ತೆ.

ದಾರಿ ಇದು. ಘೋಸ್ಟ್‌ಸ್ಕ್ರಿಪ್ಟ್‌ನಂಥ ಸಾಫ್ಟ್‌ವೇರ್‌ನಿಂದ ಪುಟವನ್ನ 203 ಡಿಪಿಐಗೇ ಚಿತ್ರ ಮಾಡಿ. ಅದನ್ನ ಬೂದು ಬಣ್ಣ ಇಲ್ಲದಂತೆ ಕಪ್ಪು–ಬಿಳಿ ಮಾಡಿ. 8 ಚುಕ್ಕೆಗೆ ಒಂದು ಬೈಟ್‌ನಂತೆ ಕಟ್ಟಿ, ಲೇಬಲ್ ಶುರುವಿನ ^ಎಕ್ಸ್‌ಎ ಮತ್ತು ಕೊನೆಯ ^ಎಕ್ಸ್‌ಜೆಡ್ ನಡುವೆ ಚಿತ್ರದ ^ಜಿಎಫ್‌ಎ ಕಮಾಂಡ್ ಒಳಗೆ ಹಾಕಿ. 203 ಡಿಪಿಐ ಅಂದ್ರೆ ಮಿಮೀಗೆ 8 ಚುಕ್ಕೆ. ನಿಮ್ಮ ಲೇಬಲ್ 400×200 ಚುಕ್ಕೆ, ಸಾಲಿಗೆ 50 ಬೈಟ್, ಒಟ್ಟು 10,000 ಬೈಟ್. ಹೆಕ್ಸ್‌ನಲ್ಲಿ (ಬೈಟ್‌ಗೆ ಎರಡು ಅಕ್ಷರ) ಬರೆದರೆ 20,000 ಅಕ್ಷರ. ಕಮಾಂಡ್‌ನಲ್ಲಿ 10000, 10000, 50 ಅಂತ ಮೂರೂ ಅಂಕಿ ಸರಿ ಇರಬೇಕು.

ಕಳಿಸುವಾಗ ನೋಟ್‌ಪ್ಯಾಡ್‌ನಲ್ಲಿ ತೆರೆದು ಪ್ರಿಂಟ್ ಒತ್ತಬೇಡಿ, ಕೋಡ್ ಅಕ್ಷರವಾಗಿಯೇ ಅಚ್ಚಾಗುತ್ತೆ. ಪ್ರಿಂಟರ್ ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಿಂದ ಬೈನರಿ ಕಾಪಿ ಕೊಡಿ. ನೆಟ್‌ವರ್ಕ್ ಪ್ರಿಂಟರ್ ಆದ್ರೆ 9100 ಪೋರ್ಟ್.

ಹರಿಹರ ಬೇಕರಿ: ನಮ್ದು ವರ್ಡ್ ಫೈಲ್ ಸರ್, ಹೇಗೆ?

ತಂತ್ರಜ್ಞ: ಪುಟದ ಅಳತೆ ಎ4 ಬಿಟ್ಟು ಲೇಬಲ್ ಅಳತೆಗೆ ತನ್ನಿ, ಪಿಡಿಎಫ್ ಮಾಡಿ. ಮಿಕ್ಕಿದ್ದು ಮೇಲೆ ಇದೆ.

ವಿದ್ಯಾನಗರ ಆನ್‌ಲೈನ್ ಸೇಲ್ಸ್: ಸರ್, ಕೊರಿಯರ್ ಲೇಬಲ್ 4×6 ಇಂಚು, 203 ಡಿಪಿಐ, ಟಿಎಸ್‌ಪಿಎಲ್ (ಟಿಎಸ್‌ಸಿ ಕಂಪನಿಯ ಕೋಡ್ ಭಾಷೆ) ಪ್ರಿಂಟರ್. ಪೈಥಾನ್‌ನಲ್ಲಿ ಪಿಲ್ಲೋ ಅನ್ನೋ ಚಿತ್ರದ ಲೈಬ್ರರಿ ಬಳಸಿ ಬಿಟ್‌ಮ್ಯಾಪ್ ಕಮಾಂಡ್ ಮಾಡ್ತಿದೀವಿ. ಚಿತ್ರ ಸರಿ ಬರುತ್ತೆ, ಆದ್ರೆ ಬಲ ಅಂಚಿಗೆ ಉದ್ದಕ್ಕೂ ಸಣ್ಣ ಕಪ್ಪು ಗೆರೆ. ಪ್ರಿಂಟ್ ಹೆಡ್ ಹೋಗಿದೆ, ಬದಲಿಸಿ ಅಂತಾರೆ.

ತಂತ್ರಜ್ಞ: ಹೆಡ್ ಬದಲಿಸಬೇಡಿ! ಹೆಡ್‌ನ ಚುಕ್ಕೆ ಸತ್ತರೆ ಬಿಳಿ ಗೆರೆ ಬರುತ್ತೆ, ಕಪ್ಪು ಗೆರೆ ಅಲ್ಲ. ನಿಮ್ಮದು ಲೆಕ್ಕದ ತೊಂದರೆ.

4×6 ಇಂಚು ಅಂದ್ರೆ 812×1218 ಚುಕ್ಕೆ. 812ನ್ನ 8ರಿಂದ ಭಾಗಿಸಿ: 101.5. ಅರ್ಧ ಬೈಟ್ ಅನ್ನೋದು ಇಲ್ಲ, ಹಾಗಾಗಿ ಪಿಲ್ಲೋ ಸಾಲಿಗೆ 102 ಬೈಟ್ ಕಟ್ಟುತ್ತೆ, ಅಂದ್ರೆ 816 ಚುಕ್ಕೆ. ಹೆಚ್ಚಾದ 4 ಚುಕ್ಕೆಗೆ ಸೊನ್ನೆ ತುಂಬುತ್ತೆ. ಟಿಎಸ್‌ಪಿಎಲ್ ಬಿಟ್‌ಮ್ಯಾಪ್‌ನಲ್ಲಿ ಸೊನ್ನೆ ಅಂದ್ರೆ ಕಪ್ಪು. 4 ಚುಕ್ಕೆ ಸೇರಿದ್ರೆ ಅರ್ಧ ಮಿಮೀ. ಸ್ಕೇಲ್ ಇಟ್ಟು ಅಳೆಯಿರಿ, ನಿಮ್ಮ ಗೆರೆಯೂ ಅಷ್ಟೇ ಇರುತ್ತೆ.

ಪರಿಹಾರ: 816×1218ರ ಪೂರ್ತಿ ಬಿಳಿ ಹಾಳೆ ಮಾಡಿ, ಅದರ ಮೇಲೆ ಚಿತ್ರ ಅಂಟಿಸಿ, ಆಮೇಲೆ ಬೈಟ್ ಮಾಡಿ. ಜೆಡ್‌ಪಿಎಲ್‌ನಲ್ಲಿ 1 ಕಪ್ಪು, 0 ಬಿಳಿ, ಪೂರಾ ಉಲ್ಟಾ. ಅಲ್ಲಿ ಬೈಟ್ ಕಟ್ಟಿದ ಮೇಲೆ ಕಪ್ಪು–ಬಿಳಿ ಅದಲುಬದಲು ಮಾಡಿದರೆ ಇದೇ ಗೆರೆ ಮತ್ತೆ ಬರುತ್ತೆ; ಚಿತ್ರವನ್ನ ಮೊದಲು ಅದಲುಬದಲು ಮಾಡಿ ಆಮೇಲೆ ಕಟ್ಟಿದರೆ ಬರಲ್ಲ.

ಇನ್ನೊಂದು ನೋಡಿ. ಪಿಲ್ಲೋದಲ್ಲಿ ನೇರ ಕಪ್ಪು–ಬಿಳಿ ಮಾಡಿದರೆ ಅದು ತಾನಾಗಿಯೇ ಡಿದರಿಂಗ್ (ಬೂದು ಬಣ್ಣವನ್ನ ಚುಕ್ಕೆ ಚೆಲ್ಲಿ ತೋರಿಸೋದು) ಹಾಕುತ್ತೆ, ಸಣ್ಣ ಅಕ್ಷರದ ಅಂಚು ಪುಡಿಪುಡಿ ಆಗುತ್ತೆ. ಡಿದರಿಂಗ್ ಆಫ್ ಮಾಡಿ ಥ್ರೆಶೋಲ್ಡ್ (ಯಾವ ಮಟ್ಟಕ್ಕಿಂತ ಕೆಳಗಿದ್ರೆ ಕಪ್ಪು ಅನ್ನೋ ಅಂಕಿ) ಕೊಡಿ. 128ರಿಂದ ಶುರು ಮಾಡಿ. ಅಕ್ಷರ ತೆಳ್ಳಗಾದರೆ 160ರವರೆಗೆ ಏರಿಸಿ.

ವಿದ್ಯಾನಗರ ಆನ್‌ಲೈನ್ ಸೇಲ್ಸ್: ಗೆರೆ ಹೋಯ್ತು ಸರ್! ಆದ್ರೆ ಕೆಲವು ಲೇಬಲ್ ಅರ್ಧದವರೆಗೆ ಸರಿ, ಆಮೇಲೆ ಚಿತ್ರ ಪಕ್ಕಕ್ಕೆ ಜರುಗುತ್ತೆ.

ತಂತ್ರಜ್ಞ: ಫೈಲನ್ನ ಟೆಕ್ಸ್ಟ್ ಆಗಿ ಬರೀತಿದೀರಿ. ವಿಂಡೋಸ್‌ನಲ್ಲಿ ಹಾಗೆ ಬರೆದರೆ 10 ಅನ್ನೋ ಬೈಟ್ ಬಂದಲ್ಲೆಲ್ಲ ಅದಕ್ಕೆ ಮೊದಲು 13 ಸೇರುತ್ತೆ. ಒಂದು ಬೈಟ್ ಹೆಚ್ಚಾದ್ರೆ ಅಲ್ಲಿಂದ ಕೆಳಗೆಲ್ಲ 8 ಚುಕ್ಕೆ ಜರುಗುತ್ತೆ. ಬೈನರಿ ಮೋಡ್‌ನಲ್ಲಿ ಬರೆಯಿರಿ.

ಮಂಡಕ್ಕಿ ಭಟ್ಟಿ: ಸರ್ ಪಿಡಿಎಫ್‌ನ ಕೋಡ್ ಮಾಡೋದು ಹೇಗೆ ಸ್ವಲ್ಪ ಹೇಳ್ರಿ

ತಂತ್ರಜ್ಞ: ಮೊದಲ ಉತ್ತರ ಓದಿ.

ಚಳ್ಳಕೆರೆ ಎಣ್ಣೆ ಪ್ಯಾಕಿಂಗ್: ಡಿಸೈನರ್ ಕೊಟ್ಟ ಪಿಡಿಎಫ್‌ನ ಚಿತ್ರ ಮಾಡಿ ಕಳಿಸಿದ್ರೆ ಬಾರ್‌ಕೋಡ್ ಸ್ಕ್ಯಾನ್ ಆಗ್ತಿಲ್ಲ. 203 ಡಿಪಿಐ, ಇಎಎನ್–13 (13 ಅಂಕಿಯ ಬಾರ್‌ಕೋಡ್). ಡಾರ್ಕ್‌ನೆಸ್ ಫುಲ್ ಇಟ್ಟೀವಿ. ಹೆಡ್‌ಗೆ ಸಣ್ಣ ಉಪ್ಪುಕಾಗದ ಉಜ್ಜಿದರೆ ಸರಿ ಹೋಗುತ್ತೆ ಅಂತ ಇನ್ನೊಂದು ಗುಂಪಿನಲ್ಲಿ ಬಂದೈತಿ.

ತಂತ್ರಜ್ಞ: ಉಪ್ಪುಕಾಗದ ಮುಟ್ಟಿಸಬೇಡಿ. ಹೆಡ್ ಮೇಲಿನ ಗಾಜಿನ ಪದರ ಒಂದೇ ಸಲಕ್ಕೆ ಹೋಗುತ್ತೆ, ಹೆಡ್ ವಾಪಸ್ ಬರಲ್ಲ. ಪವರ್ ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಅಷ್ಟೇ. ಇಂಥವನ್ನ ಯಾರು ಹುಟ್ಟಿಸ್ತಾರೋ!

ಬಾರ್‌ಕೋಡನ್ನ ಚಿತ್ರವಾಗಿ ಕುಗ್ಗಿಸಿದಾಗ ಒಂದು ಪಟ್ಟಿಗೆ 2 ಚುಕ್ಕೆ, ಪಕ್ಕದ ಅಷ್ಟೇ ಅಗಲದ ಪಟ್ಟಿಗೆ 3 ಚುಕ್ಕೆ ಬೀಳುತ್ತೆ. ಸ್ಕ್ಯಾನರ್ ಓದೋದೇ ಅಗಲವನ್ನ. ಡಾರ್ಕ್‌ನೆಸ್ ಏರಿಸಿದ್ರೆ ಪಟ್ಟಿ ಇನ್ನೂ ಉಬ್ಬುತ್ತೆ. ಪಿಡಿಎಫ್‌ನಲ್ಲಿ ಬಾರ್‌ಕೋಡ್ ಜಾಗ ಖಾಲಿ ಬಿಡಿಸಿ, ಅಲ್ಲಿ ಪ್ರಿಂಟರ್‌ನದೇ ಕಮಾಂಡ್ ಹಾಕಿ: ಜೆಡ್‌ಪಿಎಲ್‌ನಲ್ಲಿ ^ಬಿವೈ3 (ತೆಳು ಪಟ್ಟಿಗೆ 3 ಚುಕ್ಕೆ) ಆದಮೇಲೆ ^ಬಿಇ (ಇಎಎನ್–13). ಆಗ ಒಂದು ಘಟಕ, ಅಂದ್ರೆ ಅತಿ ತೆಳು ಪಟ್ಟಿಯ ಅಗಲ, 0.375 ಮಿಮೀ, ಎರಡೂ ಕಡೆ ಬಿಡಬೇಕಾದ ಖಾಲಿ ಜಾಗ ಸೇರಿ 113 ಘಟಕ, ಸುಮಾರು 42.4 ಮಿಮೀ ಅಗಲ ಬೇಕು. 2 ಚುಕ್ಕೆಗೆ ಇಳಿಸಿದ್ರೆ 0.25 ಮಿಮೀ, ಅದು ಇಎಎನ್ ಮೂಲ ಅಳತೆಯ 80 ಪ್ರತಿಶತ ಅನ್ನೋ ಕನಿಷ್ಠ ಮಿತಿಯಾದ 0.264ಕ್ಕಿಂತ ಕಡಿಮೆ.

ಎಣ್ಣೆ ಪ್ಯಾಕೆಟ್‌ಗೆ ರಿಬ್ಬನ್ ಇಲ್ಲದ ಥರ್ಮಲ್ ಲೇಬಲ್ ಬೇಡ, ಎಣ್ಣೆ ತಾಕಿದ್ರೆ ಅಚ್ಚು ಮಾಸುತ್ತೆ.

ಚಿತ್ರದುರ್ಗ ಡಿಟಿಪಿ: ಕನ್ನಡ ಅಕ್ಷರ ಕೋಡ್‌ನಲ್ಲಿ ನೇರ ಬರೆದ್ರೆ ಚೌಕ ಚೌಕ ಬರುತ್ತೆ. ಹಳೇ ನುಡಿ (ಯುನಿಕೋಡ್ ಅಲ್ಲದ ಕನ್ನಡ ಫಾಂಟ್) ಫೈಲ್ ಕಳಿಸಿದ್ರೆ ಇಂಗ್ಲಿಷ್ ಅಕ್ಷರ ಕಲಸಿದಂಗೆ ಬರುತ್ತೆ.

ತಂತ್ರಜ್ಞ: ಪ್ರಿಂಟರ್ ಒಳಗಿನ ಫಾಂಟ್ ನಂಬಬೇಡಿ. ಕನ್ನಡದ ಸಾಲನ್ನ ಕಂಪ್ಯೂಟರ್‌ನಲ್ಲೇ ಚಿತ್ರ ಮಾಡಿ ^ಜಿಎಫ್‌ಎಗೆ ಹಾಕಿ, ಒತ್ತಕ್ಷರ ಸರಿ ಕೂರುತ್ತೆ. ಯುನಿಕೋಡ್‌ನ ದಪ್ಪ ಫಾಂಟ್ ತಗೊಳ್ಳಿ.

ಚಿತ್ರದುರ್ಗ ಡಿಟಿಪಿ: ವರ್ಷಗಟ್ಟಲೆ ಫೈಲ್ ಎಲ್ಲ ಹಳೇ ನುಡೀಲಿ ಅವೆ. ಯುನಿಕೋಡ್ ಅಂತ ಹೇಳೋದು ಸುಲಭ.

ಹೊಸದುರ್ಗ ಸ್ಟೇಷನರಿ: ಕನ್ವರ್ಟರ್ ಇದಾವಲ್ರೀ. ಎಷ್ಟು ದಿನ ಅದನ್ನೇ ಹಿಡ್ಕೊಂಡು ಕೂರ್ತೀರಿ?

ಚಿತ್ರದುರ್ಗ ಡಿಟಿಪಿ: ಕನ್ವರ್ಟ್ ಮಾಡಿದ್ಮೇಲೆ ಅರ್ಕಾವೊತ್ತು ತಪ್ಪಿದ್ದನ್ನ ನೀವು ಬಂದು ತಿದ್ದಿಕೊಡ್ತೀರಾ?

ಹೊಸದುರ್ಗ ಸ್ಟೇಷನರಿ: ತಿದ್ದೋಕೆ ಬರಲ್ಲ ಅಂದ್ರೆ ಡಿಟಿಪಿ ಅಂಗಡಿ ಯಾಕೆ ಸ್ವಾಮಿ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಪ್ರಿಂಟರ್ ವಿಷಯ ಮಾತ್ರ.

ತಂತ್ರಜ್ಞ: ಹಳೇ ಫೈಲ್ ಟೈಪ್ ಮಾಡಿದ ಕಂಪ್ಯೂಟರ್‌ನಲ್ಲೇ, ಫಾಂಟ್ ಎಂಬೆಡ್ ಮಾಡಿ (ಫೈಲ್ ಒಳಗೇ ಸೇರಿಸಿ) ಪಿಡಿಎಫ್ ತೆಗೀರಿ. ಯುನಿಕೋಡ್ ಇಲ್ಲದೆಯೂ ಚಿತ್ರ ಸರಿ ಬರುತ್ತೆ. ಜಗಳ ಬೇಕಿರಲಿಲ್ಲ. ಪ್ಯಾಕೆಟ್‌ಗೆ ಬರೀ ಕನ್ನಡ ಸಾಲದು ಅನ್ನೋದೂ ನೆನಪಿರಲಿ: 2011ರ ಪೊಟ್ಟಣ ಸರಕು ನಿಯಮದಲ್ಲಿ ಕಡ್ಡಾಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಕನ್ನಡ ಜೊತೆಗೆ ಹಾಕಬಹುದು.

ಜಗಳೂರು ಮೊಬೈಲ್ಸ್: ಫೋನ್‌ನಿಂದ ಬ್ಲೂಟೂತ್ ಪ್ರಿಂಟರ್‌ಗೆ ಜೆಡ್‌ಪಿಎಲ್ ಕಳಿಸಬಹುದಾ?

ಹೊಸದುರ್ಗ ಸ್ಟೇಷನರಿ: ಇಷ್ಟೆಲ್ಲ ಯಾಕೆ? ಫ್ರೀ ವೆಬ್‌ಸೈಟ್‌ಗೆ ಪಿಡಿಎಫ್ ಹಾಕಿದ್ರೆ ಕೋಡ್ ಕೊಡುತ್ತೆ. ಲಿಂಕ್ ಹಾಕ್ತೀನಿ.

ತಂತ್ರಜ್ಞ: ಹಾಕಬೇಡಿ. ಕೊರಿಯರ್ ಲೇಬಲ್‌ನಲ್ಲಿ ಗಿರಾಕಿ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತೆ. ಯಾರದೋ ಸರ್ವರ್‌ಗೆ ಅದನ್ನ ಕೊಡೋಕೆ ನಿಮಗೆ ಹಕ್ಕಿಲ್ಲ. ಖಾಲಿ ಡಿಸೈನ್ ಪರೀಕ್ಷೆ ಮಾಡೋದಾದ್ರೆ ಸರಿ.

ಹೊಸದುರ್ಗ ಸ್ಟೇಷನರಿ: ಎಲ್ಲಾರೂ ಬಳಸ್ತಾರೆ ಸರ್. ಸುಮ್ನೆ ಹೆದರಿಸ್ತೀರಿ.

ವಿದ್ಯಾನಗರ ಆನ್‌ಲೈನ್ ಸೇಲ್ಸ್: ಗಿರಾಕಿ ನಂಬರ್ ಸೋರಿದ್ರೆ ಫೋನ್ ಬರೋದು ನಮಗೆ ಕಣ್ರೀ, ನಿಮಗಲ್ಲ.

ಮಂಡಕ್ಕಿ ಭಟ್ಟಿ: ರೋಲ್ ಬದಲಿಸಿದ ಮೇಲೆ ಒಂದು ಲೇಬಲ್ ಬಿಟ್ಟು ಒಂದು ಖಾಲಿ ಬರ್ತೈತಿ. ಇದೂ ಮೇಲೆ ಐತಾ ಸರ್?

ತಂತ್ರಜ್ಞ: ಇಲ್ಲ. ಸೆನ್ಸರ್‌ಗೆ ಹೊಸ ರೋಲ್‌ನ ಗ್ಯಾಪ್ ಗೊತ್ತಾಗಿಲ್ಲ. ಟಿಎಸ್‌ಪಿಎಲ್‌ನಲ್ಲಿ ಗ್ಯಾಪ್‌ಡಿಟೆಕ್ಟ್, ಜೀಬ್ರಾದಲ್ಲಿ ~ಜೆಸಿ ಕಮಾಂಡ್ ಒಂದು ಸಲ ಕಳಿಸಿ. ಆಮೇಲೂ ಖಾಲಿ ಬಂದ್ರೆ ಕೋಡ್‌ನಲ್ಲಿ ಕೊಟ್ಟ ಉದ್ದ ಲೇಬಲ್‌ಗಿಂತ ಹೆಚ್ಚಿದೆಯಾ ನೋಡಿ.

ದಾವಣಗೆರೆ ಮೆಡಿಕಲ್ಸ್: ಸರ್ ವರ್ಡ್ ಫೈಲ್‌ನಿಂದ ಹೇಗೆ?

ತಂತ್ರಜ್ಞ: ಹರಿಹರದವರಿಗೆ ಕೊಟ್ಟ ಉತ್ತರವೇ.

ಜಗಳೂರು ಮೊಬೈಲ್ಸ್: ಬ್ಲೂಟೂತ್ ಬಗ್ಗೆ ಕೇಳಿದ್ದೆ ಸರ್?