ಮಕ್ಕಳ ಕೈಗೆ ವಂತಿಗೆ ಕಾರ್ಡು ಕೊಡುವುದು ಸರೀನಾ?

ಇಬ್ಬರು ಮಕ್ಕಳ ಅಮ್ಮ: ಮಗ ಮೊನ್ನೆ ಶಾಲೆಯಿಂದ ವಂತಿಗೆ ಕಾರ್ಡು ತಂದ. ಇಪ್ಪತ್ತು ಗೆರೆ, ಒಂದೊಂದರಲ್ಲೂ ಹೆಸರು, ಮೊತ್ತ, ಸಹಿ. ಯಾವುದೋ ಆಸ್ಪತ್ರೆಗಂತೆ. ಯಾವ ಆಸ್ಪತ್ರೆ ಅಂತ ಕೇಳಿದರೆ ಅವನಿಗೆ ಗೊತ್ತಿಲ್ಲ, ಜಾಸ್ತಿ ತಂದವರಿಗೆ ಪದಕ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು. ಮೊದಲ ಆರು ಗೆರೆ ನಾನೇ ತುಂಬಿದೆ, ಉಳಿದದ್ದು ಅವರಪ್ಪನ ಆಫೀಸಿನಲ್ಲಿ ತುಂಬಿತು. ಇದರಲ್ಲಿ ಮಗು ಮಾಡಿದ್ದೇನು ಹೇಳಿ?

ಲೆಕ್ಕದ ಮೇಷ್ಟ್ರು: ಮೇಡಂ, ಪದಕ ಬೇಡ ಅನ್ನೋದು ನನಗೂ ಒಪ್ಪಿಗೆ. ಆದರೆ ಹಣ ಕೂಡಿಸುವುದೇ ತಪ್ಪು ಅನ್ನಬೇಡಿ. ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಟೆರಿ ಫಾಕ್ಸ್ 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲು ಕಟ್ಟಿಕೊಂಡು ಕೆನಡಾ ದಾಟಲು ಹೊರಟು, 143 ದಿನ, 5,373 ಕಿಲೋಮೀಟರ್ ಓಡಿದರು, ರೋಗ ಶ್ವಾಸಕೋಶಕ್ಕೆ ಹಬ್ಬಿದ ಮೇಲೇ ನಿಂತದ್ದು. 1981ರಿಂದ ಅವರ ಹೆಸರಿನ ಓಟ ನಡೆಯುತ್ತಿದೆ, ಶಾಲೆ ಮಕ್ಕಳೂ ಓಡುತ್ತಾರೆ. ಅಲ್ಲಿ ಗೆದ್ದವರು, ಸೋತವರು ಅಂತಿಲ್ಲ. ಯಾಕೆ ಓಡುತ್ತಿದ್ದೀಯಾ ಅಂತ ಕೇಳಿದರೆ ಚಿಕ್ಕ ಮಗುವೂ ಉತ್ತರ ಕೊಡುತ್ತದೆ. ನಿಮ್ಮ ಮಗನಿಗೆ ಸಿಗದೇ ಹೋದದ್ದು ಆ ಉತ್ತರ.

ಹತ್ತನೇ ಕ್ಲಾಸು: ಸರ್, ಉತ್ತರ ಗೊತ್ತಿದ್ದರೂ ಸಾಲದು. ನಾವು ಹೋದ ವರ್ಷ ಹಳೇ ಪುಸ್ತಕ ಕೂಡಿಸಿ, ಕಿತ್ತುಹೋದ ಬೆನ್ನಿಗೆಲ್ಲ ಅಂಟು ಹಚ್ಚಿ ಮಾರಿದೆವು. ಸಂಜೆ ಬೆಂಚಿನ ಮೇಲೆ ಚಿಲ್ಲರೆಯನ್ನು ಹತ್ತತ್ತರ ಗುಡ್ಡೆ ಮಾಡಿ ಎಣಿಸಿದರೆ ಎರಡು ನಾಣ್ಯ ಕಡಿಮೆ. ಮತ್ತೆ ಎಣಿಸಿದೆವು, ಮತ್ತೂ ಕಡಿಮೆ. ಕೊನೆಗೆ ಬೆಂಚಿನ ಸಂದಿಯಲ್ಲಿ ಸಿಕ್ಕಿದವು, ಎಲ್ಲರೂ ಕೂಗಿಬಿಟ್ಟೆವು. ಆಮೇಲೆ ಡಬ್ಬಿ ಆಫೀಸಿಗೆ ಹೋಯಿತು. ಯಾರಿಗೆ ಕೊಟ್ಟಿರಿ, ರಸೀದಿ ತೋರಿಸಿ ಅಂದರೆ "ಅದೆಲ್ಲ ನಿಮಗ್ಯಾಕೆ" ಅಂದರು. ಈ ವರ್ಷ ನಾನು ಹೆಸರು ಕೊಡಲಿಲ್ಲ.

ಲೆಕ್ಕದ ಮೇಷ್ಟ್ರು: ನಿನ್ನ ಸಿಟ್ಟು ನ್ಯಾಯವೇ ಪುಟ್ಟಾ. ರಸೀದಿ ನೋಟೀಸ್ ಬೋರ್ಡಿನಲ್ಲೇ ಹಾಕಬೇಕಿತ್ತು.

ಕಡ್ಡಾಯವಾಗಲಿ: ಹಣದ ಸಹವಾಸವೇ ಬೇಡ, ಸೇವೆಯನ್ನು ಕಡ್ಡಾಯ ಮಾಡಿ. ಕೆನಡಾದ ಒಂಟಾರಿಯೋದಲ್ಲಿ ಹೈಸ್ಕೂಲ್ ಮುಗಿಸಬೇಕಾದರೆ 40 ಗಂಟೆ ಸಮುದಾಯ ಸೇವೆ ಮಾಡಲೇಬೇಕು. ಸುಮ್ನೆ ಮಕ್ಕಳ ಇಷ್ಟಕ್ಕೆ ಬಿಟ್ಟರೆ ಯಾರೂ ಬರುವುದಿಲ್ಲ.

ವೃದ್ಧಾಶ್ರಮದ ಕೆಲಸದವಳು: ಗಂಟೆ ಲೆಕ್ಕಕ್ಕೆ ಬಂದವರನ್ನು ನಾನು ಜಾಸ್ತಿಯೇ ನೋಡಿದ್ದೇನೆ. ಅರವತ್ತು ಮಕ್ಕಳು ಒಟ್ಟಿಗೆ ಬರುತ್ತಾರೆ, ಎರಡು ಹಾಡು, ಗುಂಪು ಫೋಟೋ, ಸಹಿ ಹಾಕಿಸಿಕೊಂಡು ಹೊರಟೇಬಿಡುತ್ತಾರೆ. ಆಮೇಲೆ ಎರಡು ವಾರ ನಮ್ಮ ಅಜ್ಜಿಯೊಬ್ಬರು "ಮಕ್ಕಳು ಯಾವಾಗ ಬರ್ತಾರೆ" ಅಂತ ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ಅವರಿಗೆ ಏನು ಹೇಳಲಿ? ಆದರೆ ಒಬ್ಬಳು ಹುಡುಗಿ ಪ್ರತಿ ಶನಿವಾರ ಬಂದು ಪೇಪರ್ ಓದಿ ಹೇಳುತ್ತಾಳೆ. ಅವಳು ಬರುವ ಹೊತ್ತಿಗೆ ಪಕ್ಕದ ಹಾಸಿಗೆಯವರೂ ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡು ತಯಾರಾಗಿರುತ್ತಾರೆ. ನಮಗೆ ಅರವತ್ತು ಮಂದಿ ಬೇಡ, ತಪ್ಪದೆ ಬರುವ ಇಬ್ಬರು ಸಾಕು.

ಕಡ್ಡಾಯವಾಗಲಿ: ಅದು ನಿಯಮದ ತಪ್ಪಲ್ಲ ಅಕ್ಕಾ, ನಡೆಸುವವರ ತಪ್ಪು. ಅಮೆರಿಕದ ಮೇರಿಲ್ಯಾಂಡ್‌ನಲ್ಲೂ 75 ಗಂಟೆ ಕಡ್ಡಾಯವೇ. ಆದರೆ ಅಲ್ಲಿ ಮೊದಲು ತಯಾರಿ, ಆಮೇಲೆ ಕೆಲಸ, ಕೊನೆಗೆ ಮಾಡಿದ್ದರ ಬಗ್ಗೆ ಕೂತು ಯೋಚಿಸುವುದು, ಮೂರೂ ಇರಬೇಕು. ನಿಮ್ಮಲ್ಲಿಗೆ ಬರುವ ಮೊದಲು ಏನು ಬೇಕು ಅಂತ ಶಾಲೆಯವರು ಕೇಳಿದ್ದಾರಾ?

ವೃದ್ಧಾಶ್ರಮದ ಕೆಲಸದವಳು: ಒಮ್ಮೆಯೂ ಇಲ್ಲ.

ಇಬ್ಬರು ಮಕ್ಕಳ ಅಮ್ಮ: ನಾಳೆ ಪೋಷಕರ ಸಭೆ ಇದೆ. ಪದಕ ತೆಗೆಯಿರಿ, ರಸೀದಿ ಮಕ್ಕಳಿಗೇ ತೋರಿಸಿ ಅಂತ ಕೇಳುತ್ತೇನೆ. ಆ ಆಸ್ಪತ್ರೆಯವರು ಒಬ್ಬರು ಬಂದು ಹಣ ಯಾತಕ್ಕೆ ಅಂತ ಹತ್ತು ನಿಮಿಷ ಮಾತಾಡಲಿ ಅಂತಲೂ. ಮಗನಿಗೆ ಇನ್ನೊಂದು ಖಾಲಿ ಕಾರ್ಡು ತರುತ್ತೇನೆ, ಅವನೇ ಕೇಳಿ ಎರಡು ಗೆರೆ ತುಂಬಿದರೂ ನನಗೆ ಸಾಕು.