ಸಾವನದುರ್ಗಕ್ಕೆ ಒಂಬತ್ತು ಗಂಟೆಗೆ ಹೊರಡಬೇಡಿ

ಪುಟ್ಟು, ನಿನ್ನ ಮೆಸೇಜ್ ನೋಡಿದೆ. ಭಾನುವಾರ ಎಲ್ಲರೂ ಮಾಗಡಿ ಹತ್ತಿರದ ಸಾವನದುರ್ಗ ಬೆಟ್ಟಕ್ಕೆ, ಮನೆಯಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಡುವುದು ಅಂತ ಹಾಕಿದ್ದೀಯ. ಹೋಗಿ, ಖಂಡಿತ ಹೋಗಿ. ಆದರೆ ಒಂಬತ್ತು ಗಂಟೆ ಬೇಡ ಕಣೋ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಬೆಂಗಳೂರಿಂದ ಹತ್ತಿರ ಹತ್ತಿರ 60 ಕಿಲೋಮೀಟರ್. ಮಾಗಡಿ ರಸ್ತೆಯ ಟ್ರಾಫಿಕ್ ದಾಟಿ ನೀವು ಬುಡ ಸೇರುವಾಗ ಹನ್ನೊಂದು. ಅಲ್ಲಿಗೆ ಬಂಡೆ ಮೇಲೆ ಇರುವುದು ಸರಿಯಾಗಿ ನಡುಮಧ್ಯಾಹ್ನ. ಅದೂ ಮಾರ್ಚ್ ತಿಂಗಳು!

1226 ಮೀಟರ್ ಎತ್ತರ ಅಂದರೆ ದೊಡ್ಡದಲ್ಲ ಅನಿಸಬಹುದು. ಮುಳ್ಳಯ್ಯನಗಿರಿ 1930 ಇದೆ. ಆದರೆ ಅಲ್ಲಿ ಕಾಲ ಕೆಳಗೆ ಹುಲ್ಲು, ಮಣ್ಣು. ಇಲ್ಲಿ ಬರೀ ಗ್ರಾನೈಟ್ ಬಂಡೆ, ಮರ ಬಹಳ ಕಡಿಮೆ. ಬಿಸಿಲು ತಲೆ ಮೇಲೆ ಬೀಳುವುದು ಒಂದು ಕಡೆ. ಬಂಡೆ ಬೆಳಗಿಂದ ಕುಡಿದ ಕಾವು ಕೆಳಗಿಂದಲೂ ಏಳುತ್ತದೆ. ಹನ್ನೆರಡರ ಹೊತ್ತಿಗೆ ಅಂಗೈ ಊರಿ ನೋಡು, ಕಾದ ಕಾವಲಿ. ಕಡಿದಾದ ಕಡೆ ಮಕ್ಕಳು ಕೈ ಊರಿಯೇ ಹತ್ತಬೇಕು, ಅಲ್ವಾ?

ಹತ್ತುವಾಗ ಹುಮ್ಮಸ್ಸು ಇರುತ್ತದೆ, ಕಷ್ಟ ಇರುವುದು ಇಳಿಯುವಾಗ. ಬಂಡೆಯ ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಅದರ ಸಣ್ಣ ಪುಡಿ ಮೇಲೆಲ್ಲ ಮರಳಿನ ಹಾಗೆ ಹರಡಿರುತ್ತದೆ. ಸುಸ್ತಾದ ಕಾಲು ಅದರ ಮೇಲೆ ಬಿದ್ದರೆ ಸರ್ರನೆ ಜಾರುತ್ತದೆ. ಸವೆದ ಶೂ, ಚಪ್ಪಲಿ ಯಾರೂ ಹಾಕಬೇಡಿ. ದಾರಿ ತೋರಿಸುವ ಬಾಣದ ಗುರುತು ಬಿಟ್ಟು ಅಡ್ಡದಾರಿ ಹಿಡಿಯಲೂ ಬೇಡಿ. ಮಳೆ ಬಂದರಂತೂ ಹತ್ತುವ ಮಾತೇ ಇಲ್ಲ.

ಅದಕ್ಕೇ ಕತ್ತಲಿರುವಾಗಲೇ ಮನೆ ಬಿಡಿ. ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಮಾಡಿಸಿಕೊಂಡು, ಅವರು ಬಿಡುವ ಮೊದಲ ಹೊತ್ತಿಗೇ ಹತ್ತಲು ಶುರು ಮಾಡಿ. ಬಂಡೆ ಕಾಯುವ ಮೊದಲು ಇಳಿದು ಬಂದುಬಿಡಬೇಕು. ಹತ್ತು ಗಂಟೆಗೂ ತುದಿ ಮುಟ್ಟಿಲ್ಲ ಅಂದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಮಕ್ಕಳು ಅತ್ತರೂ ಸರಿ.

ನೀರು ಒಬ್ಬರಿಗೆ ಎರಡು ಲೀಟರ್, ಕಡಿಮೆ ಬೇಡ. ಬಂಡೆಯ ಗುಂಡಿಯಲ್ಲಿ, ಅಂದರೆ ದೊಣೆಯಲ್ಲಿ, ನಿಂತ ನೀರು ಕುಡಿಯುವಂಥದ್ದಲ್ಲ. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ನಿಂಬೆ ಶರಬತ್ತು, ಸೌತೆಕಾಯಿ ಇಟ್ಟುಕೊಳ್ಳಿ. ಬಾಯಾರುವ ತನಕ ಕಾಯದೆ ಗುಟುಕು ಗುಟುಕು ಕುಡಿಸುತ್ತಿರು. ಬೆಟ್ಟದ ಮೇಲಿನ ಹಳೇ ಕೋಟೆ ಗೋಡೆಯ ಹತ್ತಿರ ಮಕ್ಕಳನ್ನು ಕೂರಿಸಿ ಕಥೆ ಹೇಳು. ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಈ ಕೋಟೆ ಕಿತ್ತುಕೊಂಡದ್ದು 1791ರ ಡಿಸೆಂಬರ್‌ನಲ್ಲಿ. ಕಥೆ ಕೇಳುತ್ತಾ ಸುಮ್ನೆ ಕೂತು ನೀರು ಕುಡಿಯುತ್ತವೆ.

ಯಾರಿಗಾದರೂ ತಲೆನೋವು, ವಾಂತಿ ಬಂದರೆ ಅಲ್ಲೇ ನೆರಳಲ್ಲಿ ಕೂರಿಸು. ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕು. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ ತಡ ಮಾಡದೆ 108ಕ್ಕೆ ಫೋನ್ ಮಾಡು.

ತುದಿಯಲ್ಲಿ ನಂದಿ ಮಂಟಪ ಇದೆ. ಬೆಳಗಿನ ಗಾಳಿ, ಕೆಳಗೆ ಮಂಚನಬೆಲೆ ಜಲಾಶಯದ ನೀರು. ಅದನ್ನು ಮಕ್ಕಳು ನೋಡಲೇಬೇಕು ಅಂತ ನನಗೂ ಆಸೆ.

ಇನ್ನೊಂದು, ಭಾವನಿಗೆ ಮೊಣಕಾಲು ನೋವಿದೆ. ಅವರನ್ನು ಒತ್ತಾಯ ಮಾಡಬೇಡಿ. ಬುಡದಲ್ಲೇ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನ ಇವೆ, ಅತ್ತಿಗೆ ಜೊತೆ ಅಲ್ಲೇ ದರ್ಶನ ಮಾಡಿಕೊಂಡು ನೆರಳಲ್ಲಿ ಇರಲಿ. ಇಡ್ಲಿ ಕಟ್ಟಿಕೊಡುವ ಜವಾಬ್ದಾರಿ ನನ್ನದು. ಶನಿವಾರ ರಾತ್ರಿ ಬಂದು ಡಬ್ಬ ತಗೊಂಡು ಹೋಗು, ಎಷ್ಟು ಜನ ಅಂತ ಮಾತ್ರ ಮೊದಲೇ ಹೇಳಿಬಿಡು.